ಉಳಿದದ್ದು, ಟೋಕನ್, ಸಹಿ

ಫೆಬ್ರುವರಿ ೩, ಸೋಮವಾರ. ಬೆಳಗ್ಗೆ ೭

ಸಮಸ್ತರಿಗೂ ಈ ಮೂಲಕ ತಿಳಿಯಪಡಿಸುವುದೇನೆಂದರೆ — ಸಮಸ್ತರು ಅಂದರೆ ನಾನು ಮತ್ತು ಈ ಡೈರಿ — ಇಂದಿನಿಂದ ಈ ಮನೆಯ ಕೆಂಪು ಹಿಡಿಯ ಕತ್ತರಿಯ ಸರ್ವಾಧಿಕಾರ ನನಗೆ ಹಸ್ತಾಂತರವಾಗಿದೆ. ಸಮಾರಂಭ ಅಡುಗೆಮನೆಯಲ್ಲಿ ನಡೆಯಿತು. ಹಾಜರಿದ್ದವರು ಅಕ್ಕ ಮತ್ತು ಉಕ್ಕಲು ಸಿದ್ಧವಾಗಿದ್ದ ಹಾಲು. ಅಕ್ಕನ ಭಾಷಣ ಚುಟುಕಾಗಿತ್ತು.

"ತಗೊ. ಹೋದ ವರ್ಷದ ಕ್ಯಾಲೆಂಡರ್ ಪೂರ್ತಿ ಕತ್ತರಿಸು. ಒಂದೊಂದು ಚೀಟಿ ನಾಲ್ಕು ಬೆರಳು ಅಗಲ. ಸೊಟ್ಟ ಆದ್ರೆ ನೀನೇ ಇನ್ನೊಂದು ಸಲ ಕತ್ತರಿಸ್ಬೇಕು."

"ಅಕ್ಕಾ, ನಾನು ಅಂಕಣಕಾರ. ವಾರಕ್ಕೊಂದು ದಿನ ಇಡೀ ಊರು ನನ್ನನ್ನ ಓದಿ ನಗುತ್ತೆ."

"ಉಳಿದ ಆರು ದಿನ ನಾನೊಬ್ಬಳೇ ನಗ್ತಾ ಇದೀನಲ್ಲ. ಕತ್ತರಿಸು."

ಮೂವತ್ತೊಂದು ವರ್ಷ ಶಾಲೆಯಲ್ಲಿ ಭಾಷೆ ಕಲಿಸಿದವಳು. ನಿವೃತ್ತಿ ಒಗ್ಗಲಿಲ್ಲ. ಹೋದ ತಿಂಗಳು ಬಸ್ಸಿನಲ್ಲಿ ಛತ್ರಿ ಮರೆತಳು. ತರಲು ಡಿಪೋಗೆ ಹೋದಳು. ಬರುವಾಗ ಛತ್ರಿಯ ಜೊತೆಗೆ ಏಳು ಜನ ಶಿಷ್ಯರನ್ನೂ ಸಂಪಾದಿಸಿಕೊಂಡು ಬಂದಳು. ಎಲ್ಲ ವರ್ಕ್‌ಶಾಪಿನವರು. ಜೂನ್‌ನಲ್ಲಿ ಇಲಾಖೆಯ ಬಡ್ತಿ ಪರೀಕ್ಷೆ. ಅಕ್ಷರ ಗೊತ್ತು, ಓದುತ್ತಾರೆ. ಉದ್ದನೆಯ ಪದ ಬಂತೋ, ಅಲ್ಲೇ ಗಾಡಿ ಬ್ರೇಕ್‌ಡೌನ್. ಅಕ್ಕನ ಯೋಜನೆ: ಪದದ ಬೇರು, ಅದರ ಮೊದಲಿಗೆ ಅಂಟುವ ಉಪಸರ್ಗ, ಕೊನೆಗೆ ಅಂಟುವ ಪ್ರತ್ಯಯ — ಇವಿಷ್ಟು ಕಲಿಸಿದರೆ ಸಾಕು, ಒಂದು ಬೇರಿನಿಂದ ಹತ್ತು ಪದ ಅವರೇ ಮಾಡಿಕೊಳ್ಳುತ್ತಾರೆ. ಮಂಗಳವಾರ, ಗುರುವಾರ, ಪಾಳಿ ಮುಗಿದ ಮೇಲೆ ನಾಲ್ಕರಿಂದ ಐದು.

ಹಾಲು ಉಕ್ಕಿತು. ಅದಕ್ಕೂ ನಾನೇ ಕಾರಣವಂತೆ.

ಫೆಬ್ರುವರಿ ೬, ಗುರುವಾರ

ತರಗತಿ ಟೈರ್ ಕೋಣೆಯಲ್ಲಿ. ಕುರ್ಚಿ ಇಲ್ಲ, ಟೈರುಗಳೇ ಆಸನ. ನಾನು ಕೂತ ಟೈರು ನನ್ನನ್ನು ಸೊಂಟದವರೆಗೆ ನುಂಗಿತು. ಎಬ್ಬಿಸಲು ಇಬ್ಬರು ಬೇಕಾದರು.

ಇಲ್ಲಿ ಯಾರಿಗೂ ಹೆಸರಿಲ್ಲ, ಟೋಕನ್ ನಂಬರೇ ಹೆಸರು. ಫಿಟ್ಟರ್ ಹನ್ನೆರಡು — ದೊಡ್ಡ ಮೀಸೆ, ಅದಕ್ಕಿಂತ ದೊಡ್ಡ ಬಾಯಿ. ಹೆಲ್ಪರ್ ನಲವತ್ತೊಂದು — ಏಳು ಜನರಲ್ಲಿ ಒಬ್ಬಳೇ ಹೆಂಗಸು, ಚಕ್ರಕ್ಕೆ ಗ್ರೀಸ್ ತುಂಬುವವಳು, ಉಗುರಿನ ಸಂದಿಯಲ್ಲಿ ಹನ್ನೊಂದು ವರ್ಷದ ಕಪ್ಪು. ನನಗೂ ಅರ್ಧ ಗಂಟೆಯಲ್ಲಿ ನಾಮಕರಣವಾಯಿತು: ಕತ್ತರಿ ಸಾರ್.

ಅಕ್ಕ ಹಲಗೆಯ ಮೇಲೆ ಉಪಸರ್ಗಗಳ ಪಟ್ಟಿ ಬರೆದಳು. ಪ್ರತ್ಯಯಗಳ ಪಟ್ಟಿ ಬರೆದಳು. ಶಾಲೆಯಲ್ಲಿ ಮಾಡುತ್ತಿದ್ದ ಹಾಗೇ ಎಲ್ಲರಿಂದ ರಾಗವಾಗಿ ಹೇಳಿಸಿದಳು. ಹನ್ನೆರಡು ಆಕಳಿಸಿದ. ಆಕಳಿಕೆ ಸಾಲಾಗಿ ಒಂದು ಟೈರಿನಿಂದ ಇನ್ನೊಂದಕ್ಕೆ ದಾಟಿ ಕೊನೆಗೆ ನನ್ನ ಬಳಿ ಬಂತು. ಅಕ್ಕ ನೋಡಿದಳು.



ಫೆಬ್ರುವರಿ ೧೧, ಮಂಗಳವಾರ

ಇವತ್ತು ಟೀಚರ್‌ಗೆ ಪಾಠವಾಯಿತು.

ಹಲಗೆಯ ಮೇಲೆ 'ಹೊಣೆಗೇಡಿತನ'. ಏಳೂ ಗಾಡಿ ಬ್ರೇಕ್‌ಡೌನ್. ನಲವತ್ತೊಂದು ಎದ್ದು ನಿಂತಳು. "ಮೇಡಂ, ಒಂದ್ನಿಮಿಷ ಬನ್ನಿ" ಎಂದು ಅಕ್ಕನನ್ನು ಪಿಟ್ ಹತ್ತಿರ ಕರೆದುಕೊಂಡು ಹೋದಳು. ಬಸ್ಸಿನ ಅಡಿಗೆ ಇಳಿಯುವ ಆ ಗುಂಡಿಗೆ ಒಂಬತ್ತು ಮೆಟ್ಟಿಲು. ನಲವತ್ತೊಂದು ದಿನಾ ಮಂಡಿ ಹಿಡಿದುಕೊಂಡು, ಒಂದೊಂದಕ್ಕೂ ನಿಂತು ಇಳಿಯುತ್ತಾಳೆ. ಪಕ್ಕದಲ್ಲೇ ಅರ್ಧ ಬಿಚ್ಚಿದ ಒಂದು ಚಕ್ರ. ಅದರ ಮುಂದೆ ಹಾಸಿದ ಗೋಣಿಯ ಮೇಲೆ ಮುಚ್ಚಳ, ಲಾಕ್ ನಟ್, ವಾಷರ್, ಬೇರಿಂಗ್ — ಸಾಲಾಗಿ, ಶಿಸ್ತಾಗಿ.

"ಕೊನೇಲಿ ಹಾಕಿದ್ದನ್ನ ಮೊದಲು ಬಿಚ್ಚೋದು ಮೇಡಂ. ಬಿಚ್ಚಿದ ಹಾಗೇ ಸಾಲಾಗಿ ಇಡೋದು. ಜೋಡಿಸುವಾಗ ಕಣ್ಮುಚ್ಚಿ ಜೋಡಿಸ್ಬೋದು. ನಿಮ್ಮ ಪದಾನೂ ಹಂಗೇ ಬಿಚ್ಚೋಕಾಗಲ್ವಾ?"

ಅಕ್ಕ ಕೈಚೀಲದಿಂದ ನನ್ನ ಚೀಟಿಗಳನ್ನು ತೆಗೆದಳು. ಗೋಣಿಯ ಮೇಲೆ, ವಾಷರ್ ಪಕ್ಕದಲ್ಲಿ ಇಟ್ಟಳು: ಹೊಣೆ. ಗೇಡಿ. ತನ.

ನಲವತ್ತೊಂದು ಬಗ್ಗಿ ನೋಡಿದಳು. "'ತನ' ಅನ್ನೋದು ಹೊರಗಿನ ನಟ್ಟು. ಅದು ಬಂತು. 'ಗೇಡಿ' ಅಂದ್ರೆ ಕೆಡಿಸ್ಕೊಂಡವನು. ಒಳಗೆ ಹೊಣೆ... ಹೊಣೆ ಕೆಡಿಸ್ಕೊಂಡವನ ಬುದ್ಧಿ! ಅಯ್ಯೋ, ಇದು ನಮ್ಮ ಫೋರ್ಮನ್ನು!"

ಇಡೀ ವರ್ಕ್‌ಶಾಪು ನಕ್ಕಿತು. ಫೋರ್ಮನ್ ದೂರದಿಂದ, ವಿಷಯ ತಿಳಿಯದೆ, ತಾನೂ ನಕ್ಕ.

ಅಕ್ಕ ಮನೆಗೆ ಬಂದವಳೇ ಹಳೆಯ ಪಾಠದ ನೋಟ್‌ಬುಕ್ಕನ್ನು ಬೀರುವಿನ ಮೇಲಕ್ಕೆ ಎಸೆದಳು. ಮೂವತ್ತೊಂದು ವರ್ಷದ ನೋಟ್‌ಬುಕ್. ಅರವತ್ತೆರಡನೇ ವಯಸ್ಸಿನಲ್ಲಿ ಹೀಗೆ ಎಸೆಯಲು ಎದೆ ಬೇಕು. ಎದುರಿಗೆ ಹೇಳಲಿಲ್ಲ. ಹೇಳಿದರೆ ಕೊಬ್ಬುತ್ತಾಳೆ.

ಮಾರ್ಚ್ ೪, ಮಂಗಳವಾರ

ಕ್ಯಾಲೆಂಡರ್ ಮುಗಿಯಿತು. ಹೋದ ವರ್ಷ ಪೂರ್ತಿ ಈಗ ಒಂದು ಬಿಸ್ಕತ್ ಡಬ್ಬಿಯಲ್ಲಿದೆ. ಹಿಂದೆ ತಾರೀಖು, ಮುಂದೆ ಪದದ ತುಂಡು.

ಹೊಸ ಪದ್ಧತಿ. ಡಿಪೋದಲ್ಲಿ ಯಾವ ಗಾಡಿಯ ಕೆಲಸ ಮಾಡಿದರೂ ಜಾಬ್ ಕಾರ್ಡ್ ಬರೆಯಬೇಕು: ಏನು ಕೆಲಸ, ಬಳಸಿದ್ದೇನು, ಉಳಿದದ್ದೇನು, ಕೆಳಗೆ ಟೋಕನ್, ಸಹಿ. ಅಕ್ಕ ಅದನ್ನೇ ಪದಕ್ಕೂ ತಂದಳು. ತಟ್ಟೆಯಲ್ಲಿ ಇಪ್ಪತ್ತು ಚೀಟಿ. ಸಾಧ್ಯವಾದಷ್ಟು ಪದ ಕಟ್ಟು. ಉಳಿದ ತುಂಡು ಬರೆ. ಟೋಕನ್ ಹಾಕು. ಸಹಿ ಮಾಡು.

"ಸಹಿ ಇಲ್ಲದಿದ್ರೆ ಕೆಲಸ ಆಗಿಲ್ಲ ಅಂತಾನೇ ಲೆಕ್ಕ" ಎಂದಳು. ಅಂದಂತೆಯೇ ಸಹಿ ಮರೆತ ಹನ್ನೆರಡಕ್ಕೆ ಕಾರ್ಡ್ ವಾಪಸ್. ಮೊದಲಿಂದ ಮಾಡಿದ.

ಅವನು ಕಟ್ಟಿದ ಪದಗಳು: ಮೋಸಗಾರ, ಹಾಡುಗಾರ, ನಿದ್ದೆಗಾರ.

"ನಿದ್ದೆಗಾರ ಅನ್ನೋ ಪದ ಇಲ್ಲಪ್ಪಾ."

"ಮನುಷ್ಯನೇ ಇರ್ಬೇಕಾದ್ರೆ ಪದ ಹೆಂಗೆ ಮೇಡಂ ಇರಲ್ಲ? ಸೆಕ್ಯುರಿಟಿ ಕ್ಯಾಬಿನ್‌ಗೆ ಬನ್ನಿ, ತೋರಿಸ್ತೀನಿ."

ಅಕ್ಕ ಯೋಚಿಸಿ ಅರ್ಧ ಅಂಕ ಕೊಟ್ಟಳು. ನನಗೆ ಅವಳು ಜನ್ಮದಲ್ಲಿ ಅರ್ಧ ಅಂಕ ಕೊಟ್ಟವಳಲ್ಲ.

ಮಾರ್ಚ್ ೨೭, ಗುರುವಾರ

ಸ್ಟೋರ್ ಗೋಡೆಯ ಮೇಲೆ ಒಂದು ತಗಡಿನ ಬೋರ್ಡು. 'ಬಿಡಿಭಾಗಗಳ ದುರುಪಯೋಗ ಶಿಕ್ಷಾರ್ಹ.' ನಲವತ್ತೊಂದು ಅದರ ಕೆಳಗೆ ನಿಂತಿದ್ದಳು, ಗ್ರೀಸ್ ಡಬ್ಬಿ ಕೈಯಲ್ಲಿ. ತುಟಿ ಅಲ್ಲಾಡುತ್ತಿತ್ತು.

"ದುರ್... ಉಪ... ಯೋಗ. ಕೆಟ್ಟದಾಗಿ ಉಪಯೋಗ ಮಾಡೋದು. ಶಿಕ್ಷಾ... ಅರ್ಹ. ಶಿಕ್ಷೆಗೆ ತಕ್ಕದ್ದು." ತಿರುಗಿ ನನ್ನನ್ನು ನೋಡಿದಳು. "ಹನ್ನೊಂದು ವರ್ಷ ಇದರ ಕೆಳಗೆ ನಿಂತು ಗ್ರೀಸ್ ಇಸ್ಕೊಂಡಿದೀನಿ ಕತ್ತರಿ ಸಾರ್. ಏನೋ ದೊಡ್ಡವರ ವಿಷಯ ಅಂತ ಕಣ್ಣೇ ಎತ್ತಿರ್ಲಿಲ್ಲ. ಇಷ್ಟೇನಾ ಇದು ಹೇಳ್ತಿದ್ದಿದ್ದು?"

ಆಮೇಲೆ ಮೆಲ್ಲಗೆ ಹೇಳಿದಳು. ಅವಳು ಪರೀಕ್ಷೆ ಕಟ್ಟುತ್ತಿರುವುದು ಸ್ಟೋರ್ ಸಹಾಯಕರ ಹುದ್ದೆಗೆ. ಆ ಬೋರ್ಡಿನ ಒಳಗಡೆ, ಕೂತು ಮಾಡುವ ಕೆಲಸ. ಪಿಟ್‌ಗೆ ಇಳಿಯುವುದು ಇನ್ನು ಮಂಡಿಗೆ ಆಗದು. ಹೋದ ವಾರ ಹತ್ತುವಾಗ ಇಬ್ಬರು ಎಳೆದುಕೊಳ್ಳಬೇಕಾಯಿತಂತೆ. ಸೆಪ್ಟೆಂಬರ್‌ಗೆ ನಲವತ್ತೈದು ತುಂಬುತ್ತದೆ. ಆಮೇಲೆ ಪರೀಕ್ಷೆಗೆ ಕೂರುವ ಹಾಗಿಲ್ಲ. ಎರಡು ಸಲ ಫೇಲ್. ಇದೇ ಕೊನೆಯದು.

ಅಂಕಣಕ್ಕೆ ಬರೆಯೋಣ ಅನಿಸಿತು. ಬರೆಯಲಿಲ್ಲ. ಕೆಲವು ವಿಷಯಕ್ಕೆ ನನ್ನ ಪೆನ್ನು ಹಗುರ.

ಜೂನ್ ೧೯, ಗುರುವಾರ

ಡೈರಿಗೆ ಮೂರು ತಿಂಗಳ ರಜೆ. ಚೀಟಿ ಕತ್ತರಿಸುವವನಿಗೆ ಬರೆಯಲು ಪುರುಸೊತ್ತೆಲ್ಲಿ?

ಇಂದು ಕೊನೆಯ ತರಗತಿ. ಶೀತದಿಂದ ಅಕ್ಕನಿಗೆ ಗಂಟಲು ಕಟ್ಟಿತ್ತು. ಹಾಲ್ ಟಿಕೆಟ್ ಹಿಂದಿನ ಹನ್ನೊಂದು ನಿಯಮಗಳನ್ನು ಓದಿ ವಿವರಿಸುವ ಭಾರ ನನ್ನ ಮೇಲೆ. ಇರುವೆ ಸಾಲಿನಂಥ ಅಕ್ಷರ. ಆದರೆ ಸಭೆ ಎಂಥದ್ದು! ಏಳು ಜನ, ಏಳು ಟೈರು. ಎಂಟನೇ ನಿಯಮ: ನೀರಿನ ಬಾಟಲಿಯ ಮೇಲೆ ಯಾವುದೇ ಬರಹ ಇರತಕ್ಕದ್ದಲ್ಲ. ಅದಕ್ಕೆ ನಾನೊಂದು ಏಕಪಾತ್ರಾಭಿನಯ ಮಾಡಿದೆ — ಬಾಟಲಿಯನ್ನು ವಿಚಾರಣೆಗೆ ನಿಲ್ಲಿಸುವ ಮೇಲ್ವಿಚಾರಕ, ತಪ್ಪೊಪ್ಪಿಕೊಳ್ಳುವ ಬಾಟಲಿ. ಹನ್ನೆರಡು ನಕ್ಕೂ ನಕ್ಕೂ ಟೈರಿನೊಳಗೆ ಬಿದ್ದ. ಅಷ್ಟರಲ್ಲಿ ಐದರ ಗಂಟೆ ಹೊಡೆಯಿತು. "ಉಳಿದಿದ್ದೂ ಇದೇ ಥರ ಬಿಡ್ರಪ್ಪಾ, ತಲೆ ಕೆಡಿಸ್ಕೋಬೇಡಿ" ಎಂದೆ. ಚಪ್ಪಾಳೆ ಬಿತ್ತು.

ಜೀವಮಾನದ ಅತ್ಯುತ್ತಮ ಪ್ರದರ್ಶನ.

ಜೂನ್ ೨೨, ಭಾನುವಾರ. ಸಂಜೆ

ಇವತ್ತು ತಮಾಷೆಯಿಲ್ಲ. ನೆಟ್ಟಗೆ ಬರೆಯುತ್ತೇನೆ.

ಪರೀಕ್ಷೆ ಮುಗಿಸಿ ಏಳೂ ಜನ ಹೊರಗೆ ಬಂದರು. ನಲವತ್ತೊಂದು ಓಡಿಬಂದಳು — ಆ ಮಂಡಿಯಲ್ಲಿ! ಪ್ರಶ್ನೆಪತ್ರಿಕೆಯಲ್ಲಿ ಒಂದು ಚೌಕದೊಳಗೆ ಇಪ್ಪತ್ತು ತುಂಡು ಕೊಟ್ಟಿದ್ದರಂತೆ, ಎಂಟು ಪದ ಕಟ್ಟಿ ಅಂತ. "ನಮ್ಮ ತಟ್ಟೆ ಮೇಡಂ! ಅದೇ ತಟ್ಟೆ! ಎಂಟೂ ಕಟ್ಟಿದೆ. ಮೂರು ತುಂಡು ಉಳೀತು, ಅದನ್ನೂ ಬರೆದೆ. ಟೋಕನ್ ಹಾಕಿ ಸಹಿ ಮಾಡಿದೆ."

"ನಾನೂ" ಅಂದ ಹನ್ನೆರಡು. "ಈ ಸಲ ಮರೀಲಿಲ್ಲ ನೋಡಿ."

ಏಳೂ ಜನ. ಏಳು ಸಹಿ.

ಅಕ್ಕ ನಲವತ್ತೊಂದರ ಕೈಯಿಂದ ಹಾಲ್ ಟಿಕೆಟ್ ತೆಗೆದುಕೊಂಡು ಹಿಂದೆ ತಿರುಗಿಸಿದಳು. ಒಂಬತ್ತನೇ ನಿಯಮ. ಉತ್ತರ ಪತ್ರಿಕೆಯ ಒಳಗೆ ಹೆಸರು, ಸಹಿ ಅಥವಾ ಯಾವುದೇ ಗುರುತು ಕಂಡುಬಂದಲ್ಲಿ ಅಭ್ಯರ್ಥಿಯನ್ನು ಅನರ್ಹಗೊಳಿಸಲಾಗುವುದು.

ನಲವತ್ತೊಂದು ಅಕ್ಕನ ಭುಜದ ಮೇಲಿಂದ ಬಗ್ಗಿ ತಾನೇ ಓದಿದಳು. ಯಾರ ಸಹಾಯವೂ ಇಲ್ಲದೆ. "ಅನ್... ಅರ್ಹ. ಅರ್ಹತೆ ಇಲ್ಲ ಅಂತ." ಅಕ್ಕನ ಕಡೆ ತಿರುಗಿ, "ಸರಿಯಾಗಿ ಬಿಚ್ಚಿದ್ನಾ ಮೇಡಂ?"

"ಸರಿಯಾಗಿದೆ" ಅಂದಳು ಅಕ್ಕ. 

ಮನೆಯಲ್ಲಿ ಊಟ ಬಿಟ್ಟಿದ್ದಾಳೆ. "ಸಹಿ ರೂಢಿ ಮಾಡಿಸಿದ್ದು ನಾನು. ನನ್ನ ಕೈಯಾರೆ ಅವಳ ಕೊನೇ ಅವಕಾಶ ಹಾಳು ಮಾಡಿದೆ" ಎಂದು ಒಂದೇ ಮಾತನ್ನು ತಿರುಗಿಸಿ ತಿರುಗಿಸಿ ಹೇಳುತ್ತಿದ್ದಾಳೆ. ನಾನು ಎದುರಿಗೆ ಕೂತು ತಟ್ಟೆ ಖಾಲಿ ಮಾಡಿದೆ. ಹಸಿವಿನಿಂದಲ್ಲ. ಬಾಯಿ ತುಂಬಿದ್ದರೆ ಮಾತಾಡಬೇಕಾಗಿಲ್ಲ.

ಎಂಟನೇ ನಿಯಮಕ್ಕೆ ನಿಲ್ಲಿಸಿದವನು ನಾನು.

ಜೂನ್ ೨೩, ಸೋಮವಾರ. ಬೆಳಗ್ಗೆ ೬

ಹೇಳಿಬಿಟ್ಟೆ. ಅಡುಗೆಮನೆ ಬಾಗಿಲಲ್ಲಿ ನಿಂತು, ಒಂದೇ ಉಸಿರಿಗೆ. ಬಾಟಲಿ, ಅಭಿನಯ, ಗಂಟೆ, ಚಪ್ಪಾಳೆ.

ಅಕ್ಕ ಒಲೆ ಆರಿಸಿದಳು. ಬೈಗುಳಕ್ಕೆ ತಲೆ ಒಡ್ಡಿ ನಿಂತೆ. ಬೈಯಲಿಲ್ಲ.

"ಏನೋ ಅದು ಬಾಟಲಿ ಜೋಕು? ಮಾಡು, ನೋಡೋಣ."

ಮಾಡಿದೆ. ಪೂರ್ತಿ. ಇಬ್ಬರೇ, ಬೆಳಗ್ಗೆ ಆರು ಗಂಟೆಗೆ. ಯಾವ ಶತ್ರುವಿಗೂ ಬೇಡ ಆ ಪ್ರದರ್ಶನ.

"ಚೆನ್ನಾಗೂ ಇಲ್ಲವಲ್ಲೋ!" ಅಂದಳು. "ಒಳ್ಳೇ ಜೋಕಿಗಾದ್ರೂ ಹಾಳಾಗಿದ್ರೆ ಒಂದು ಸಮಾಧಾನ ಇರ್ತಿತ್ತು." ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡು, "ಡಬ್ಬಿ ಇಳಿಸು. ಅವಳ ಕಾರ್ಡೆಲ್ಲಾ ಒಂದು ಕಟ್ಟು ಕಟ್ಟು. ಒಂದೂ ಬಿಡಬೇಡ."

ಮಾತು ಮನೆ ಕೆಡಿಸಿತು ಅನ್ನುತ್ತಾರೆ. ನನ್ನದು ಡಿಪೋ ಕೆಡಿಸಿತು.

ನಲವತ್ತೊಂದರ ಕಾರ್ಡುಗಳು: ನೂರ ಎಂಬತ್ಮೂರು. ಮಾರ್ಚ್‌ನಲ್ಲಿ ಇರುವೆ ಕಾಲಿನಂತೆ ನಡುಗುತ್ತಿದ್ದ ಸಹಿ ಜೂನ್‌ನಲ್ಲಿ ಫೋರ್ಮನ್ ಸಹಿಗಿಂತ ಗಟ್ಟಿ.

ಜೂನ್ ೨೫, ಬುಧವಾರ

ಪರೀಕ್ಷಾಧಿಕಾರಿಯ ಕಚೇರಿ. ಅಕ್ಕ, ನಾನು, ಅರ್ಧ ದಿನ ರಜೆ ಹಾಕಿ ಬಂದ ನಲವತ್ತೊಂದು. ಸಾಹೇಬರು ಕೆಟ್ಟವರಲ್ಲ. ಸುಸ್ತಾದವರು. ಫ್ಯಾನಿನ ಗಾಳಿಗೆ ಹಾರುವ ಕಾಗದಗಳ ಮೇಲೆ ಹಳೆಯ ಬೇರಿಂಗ್ ಒಂದನ್ನು ಪೇಪರ್‌ವೇಟ್ ಮಾಡಿ ಇಟ್ಟಿದ್ದರು.

ಅಕ್ಕ ಕಾರ್ಡಿನ ಕಟ್ಟು ಮೇಜಿನ ಮೇಲಿಟ್ಟಳು. ನಾನು, "ತಪ್ಪು ನನ್ನದು ಸಾರ್, ನಿಯಮ ಓದಬೇಕಾದವನು ನಾನು" ಎಂದೆ. ಸಾಹೇಬರು ಇಬ್ಬರನ್ನೂ ಬಿಟ್ಟು ಅವಳನ್ನೇ ಕೇಳಿದರು.

"ಪ್ರಶ್ನೇಲಿ ಕೇಳೇ ಇಲ್ವಲ್ಲಮ್ಮಾ. ಉಳಿದದ್ದು ಯಾಕೆ ಬರೆದಿರಿ? ಸಹಿ ಯಾಕೆ?"

ಅವಳು ಬೇರಿಂಗ್ ನೋಡುತ್ತಿದ್ದಳು. "ಸಾರ್, ಇದನ್ನ ಒಂಚೂರು ಎತ್ಕೊಳ್ಳಾ?" ಎತ್ತಿದಳು, ಬೆರಳಲ್ಲಿ ಒಂದು ಸುತ್ತು ತಿರುಗಿಸಿದಳು. "ಹಿಂದಿನ ಚಕ್ರದ್ದು. ಇದರಲ್ಲಿ ಒಂದು ರೋಲರ್ ಇಲ್ಲ. ಎಲ್ಲಿ ಹೋಯ್ತು ಸಾರ್?"

"ಅಯ್ಯೋ, ನಂಗೇನ್ ಗೊತ್ತಮ್ಮಾ? ಬಂದಾಗ್ಲೇ ಹಂಗಿತ್ತು."

"ಬಿಚ್ಚಿದವರು ಬರೆದಿಲ್ಲ. ಸಹಿ ಇದ್ದಿದ್ರೆ ಅವರನ್ನ ಕೇಳ್ಬೋದಿತ್ತು. ಈಗ ಅದು ಕಸಕ್ಕೆ ಹೋಯ್ತೋ, ಇಲ್ಲ ಯಾವ್ದೋ ಗಾಡಿ ಚಕ್ರದೊಳಗೇ ಇದೆಯೋ, ಯಾರಿಗೂ ಗೊತ್ತಿಲ್ಲ. ಆ ಗಾಡೀಲಿ ದಿನಾ ಐವತ್ತು ಜನ ಕೂತ್ಕೋತಾರೆ ಸಾರ್." ಬೇರಿಂಗನ್ನು ಮೊದಲಿದ್ದಲ್ಲೇ ಇಟ್ಟಳು. "ಕೆಲಸ ಮಾಡಿ ಇದು ನಾನೇ ಮಾಡಿದ್ದು ಅಂತ ಹೇಳದೆ ಹೋಗೋದು ನಮ್ಮಲ್ಲಿ ತಪ್ಪು. ನಿಮ್ಮಲ್ಲಿ ಹೇಳೋದೇ ತಪ್ಪು ಅಂತ ಗೊತ್ತಿರ್ಲಿಲ್ಲ."



ನಾನು ಇಪ್ಪತ್ತು ವರ್ಷದಿಂದ ಜನರ ಮಾತು ಬರೆದು ಬದುಕಿದವನು. ಇಂಥ ನಾಲ್ಕು ಸಾಲು ಒಂದು ಸಲವೂ ಬರೆದಿಲ್ಲ. ಕೂತಲ್ಲಿಂದ ಎದ್ದು ನಿಂತಿದ್ದೆ, ಯಾಕೆ ಅಂತ ಗೊತ್ತಿಲ್ಲ.

ಸಾಹೇಬರು ಕಾರ್ಡುಗಳನ್ನು ಒಂದೊಂದಾಗಿ ತಿರುವಿದರು. ಇಪ್ಪತ್ತು ನಿಮಿಷ. ಕೊನೆಗೆ: ನಿರ್ಧಾರ ಸಮಿತಿಯದ್ದು. ಕಾರ್ಡುಗಳು ಇಲ್ಲೇ ಇರಲಿ. ಏಳೂ ಜನರ ವಿಷಯ ಒಟ್ಟಿಗೆ ಇಡುತ್ತೇನೆ. ಕಲಿಸಿದವರದ್ದೊಂದು, ನಿಯಮ ಓದಿದವರದ್ದೊಂದು ಲಿಖಿತ ವಿವರಣೆ ಬೇಕು. ನಾಳೆಯೇ.

ಜೂನ್ ೨೬, ಗುರುವಾರ

ಹಾಸ್ಯವಿಲ್ಲದೆ ಒಂದು ಪತ್ರ ಬರೆಯುವುದು ಇಷ್ಟು ಕಷ್ಟವೇ? ಮೊದಲ ಕರಡಿನಲ್ಲಿ ಮೂರು ಉಪಮೆ, ಒಂದು ಗಾದೆ. ಅಕ್ಕ ಕೆಂಪು ಪೆನ್ನಿನಿಂದ ಎಲ್ಲ ಹೊಡೆದಳು. "ನಟ್ಟು, ವಾಷರ್ ಎಲ್ಲ ಬಿಚ್ಚು. ಒಳಗೆ ಏನಿದೆಯೋ ಅದನ್ನ ಮಾತ್ರ ಕೊಡು."

ಒಂಬತ್ತನೇ ಕರಡಿನಲ್ಲಿ ಉಳಿದದ್ದು ಇಷ್ಟು: ಹನ್ನೊಂದು ನಿಯಮ ಓದಿ ಹೇಳುವ ಕೆಲಸ ನನ್ನದಾಗಿತ್ತು. ಎಂಟು ಓದಿದೆ. ಮೂರು ಓದಲಿಲ್ಲ. ಉಳಿದದ್ದು ಮುಖ್ಯವಲ್ಲ ಎಂದು ನಾನೇ ಹೇಳಿದೆ. ಅವರು ನನ್ನನ್ನು ನಂಬಿದರು.

ಕೆಳಗೆ ಸಹಿ. ಟೋಕನ್ ನಂಬರ್ ಇಲ್ಲ. ಇದ್ದಿದ್ದರೆ ಅನಿಸಿತು.

ಅಕ್ಕ ಓದಿದಳು. ಏನೂ ಹೊಡೆಯಲಿಲ್ಲ. ಮೂಲೆಯಲ್ಲಿ ಪೆನ್ಸಿಲಿನಿಂದ ಸಣ್ಣದಾಗಿ ಏನೋ ಬರೆದು, ರಬ್ಬರಿನಿಂದ ಒರೆಸಿ, ಲಕೋಟೆಗೆ ಹಾಕಿದಳು. ಬೆಳಕಿಗೆ ಹಿಡಿದು ನೋಡಿದೆ. ಅರ್ಧ ಅಂಕ.

ಆಗಸ್ಟ್ ೭, ಗುರುವಾರ

ಫಲಿತಾಂಶ.

ಸಮಿತಿ ಏಳೂ ಪತ್ರಿಕೆಗಳನ್ನು ಒಪ್ಪಿತು. 'ಅನಗತ್ಯ ಬರಹ'ಕ್ಕೆ ತಲಾ ಎರಡು ಅಂಕ ಕಡಿತ. ಪಾಸಾಗಲು ಮೂವತ್ತು ಬೇಕು. ನಲವತ್ತೊಂದಕ್ಕೆ, ಕಡಿತದ ನಂತರ, ಮೂವತ್ತೆಂಟು. ಎಲ್ಲರಿಗಿಂತ ಹೆಚ್ಚು.

ಅವಳು ನೋಟಿಸ್ ಬೋರ್ಡ್ ಮುಂದೆ ನಿಂತು ಪೂರ್ತಿ ಓದಿದಳು, 'ಉತ್ತೀರ್ಣರಾದವರು' ಎಂಬಲ್ಲಿಂದ ಅಧಿಕಾರಿಯ ಸಹಿಯವರೆಗೆ. ತನ್ನ ನಂಬರ್ ಕಂಡ ಮೇಲೂ ನಿಲ್ಲಿಸಲಿಲ್ಲ. "ಎಂಟಕ್ಕೆ ನಿಲ್ಲಿಸ್ಬಾರ್ದಲ್ವಾ ಕತ್ತರಿ ಸಾರ್" ಅಂದಳು. ನಗುತ್ತಿದ್ದಳು. ತಲೆ ಬಗ್ಗಿಸಿದೆ.

ಹನ್ನೆರಡಕ್ಕೆ ಇಪ್ಪತ್ತೊಂಬತ್ತು. ಒಂದು ಅಂಕದಲ್ಲಿ ಹೋಯಿತು. ಆ ಒಂದು ನನ್ನ ಬಾಟಲಿಯ ಕಾಣಿಕೆ. ಕ್ಷಮೆ ಕೇಳಲು ಹೋದೆ. ಮೀಸೆ ತಿರುವಿದ. "ನನ್ನ ಜೀವನದಲ್ಲೇ ಭಾರೀ ದುಬಾರಿ ಸಹಿ ಸಾರ್ ಅದು. ಮದುವೆ ರಿಜಿಸ್ಟರ್ ಬಿಟ್ರೆ." ಭುಜ ತಟ್ಟಿದ. "ಬರೋ ವರ್ಷ ನಿಯಮ ನಾನೇ ಓದ್ಕೋತೀನಿ. ನೀವು ಬರೀ ಕತ್ತರಿಸಿ."

ಅಕ್ಕ ಟೈರಿನ ಮೇಲೆ ಕೂತು ಅತ್ತಳು. ಎಬ್ಬಿಸಲು ನಲವತ್ತೊಂದು ಒಬ್ಬಳೇ ಸಾಕಾದಳು.

ಆಗಸ್ಟ್ ೧೨, ಮಂಗಳವಾರ. ಬೆಳಗ್ಗೆ ೭

ಹೊಸ ತಂಡ ಇಂದಿನಿಂದ. ಹತ್ತೊಂಬತ್ತು ಜನ. ಪಕ್ಕದ ಡಿಪೋದವರೂ ಬರುತ್ತಿದ್ದಾರೆ. ಪಾಠ ಅರ್ಧ ಅಕ್ಕನದು, ಅರ್ಧ ಸ್ಟೋರ್ ಸಹಾಯಕಿಯದು. ಗೋಣಿ ಹಾಸಿ, ಚಕ್ರ ಬಿಚ್ಚಿ ಶುರು ಮಾಡುವುದು ಅವಳ ಹಠ. ಮೊದಲ ದಿನವೇ ಹನ್ನೊಂದೂ ನಿಯಮ ಓದಿಸುವುದು ಅಕ್ಕನ ಹಠ. ನಾನು ಕತ್ತರಿ.

ಚೀಟಿ ಸಾಲುವುದಿಲ್ಲ. ಹಳೆಯ ಕ್ಯಾಲೆಂಡರ್ ಮುಗಿದು ಯುಗವಾಯಿತು. ಈಗ ನೋಡಿದರೆ ಗೋಡೆಯ ಮೇಲಿನ ಈ ವರ್ಷದ ಕ್ಯಾಲೆಂಡರ್ ಸಣ್ಣಗೆ ಕಾಣುತ್ತಿದೆ. ಸೆಪ್ಟೆಂಬರ್ ಇದೆ, ಅಕ್ಟೋಬರ್ ಇದೆ. ನವೆಂಬರ್, ಡಿಸೆಂಬರ್ ಇಲ್ಲ. ಡಬ್ಬಿ ತೆರೆದೆ. ಈ ವರ್ಷದ ಡಿಸೆಂಬರ್ ಹತ್ತರ ಹಿಂದೆ 'ಗಾರ', ಅಕ್ಕನ ಅಕ್ಷರದಲ್ಲಿ. ಹದಿನೇಳರ ಹಿಂದೆ 'ಅನ್'.

"ಅಕ್ಕಾ! ವರ್ಷ ಇನ್ನೂ ಮುಗಿದಿಲ್ಲ!"

"ನಿನ್ನ ಅಂಕಣಕ್ಕೆ ತಾರೀಖು ಯಾಕೋ? ಹೇಗೂ ತಡವಾಗೇ ಕೊಡ್ತೀಯ. ಬೇಗ ಕತ್ತರಿಸು, ನಾಲ್ಕಕ್ಕೆ ಅವಳು ಗೇಟಲ್ಲಿ ಕಾಯ್ತಾ ಇರ್ತಾಳೆ."

ಆದ್ದರಿಂದ, ಈ ಡೈರಿ ಎಂದಾದರೂ ಯಾರ ಕೈಗಾದರೂ ಸಿಕ್ಕರೆ ಒಂದು ಸಣ್ಣ ಉಪಕಾರವಾಗಬೇಕು. ಡಿಸೆಂಬರ್ ಒಂದನೇ ತಾರೀಖು ಯಾವ ವಾರ ಬರುತ್ತದೆ, ಇಲ್ಲೇ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿಡಿ. ಬರೆದು ಕೆಳಗೆ ನಿಮ್ಮ ಸಹಿ ಹಾಕಿ. ಸಹಿ ಇಲ್ಲದಿದ್ದರೆ ಕೆಲಸ ಆಗಿಲ್ಲ ಅಂತಾನೇ ಲೆಕ್ಕ.